ಮಗುವಿನ ಈಜಿನ ಟೈಮಿಂಗ್‌ನಲ್ಲಿ ಮೈ ಬೆಳೆದದ್ದೆಷ್ಟು, ಈಜು ಕಲಿತದ್ದೆಷ್ಟು?

12 ವರ್ಷದ ಹುಡುಗರ ಹೀಟ್ಸ್ (ಮೊದಲ ಸುತ್ತು) ನಡೆಯುವಾಗ ನೀರಿಗೆ ಹಾರುವ ಬ್ಲಾಕ್ ಮೇಲೆ ನಿಂತವರನ್ನು ಒಮ್ಮೆ ಸಾಲಾಗಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಭುಜ ಅಗಲವಾಗಿರುತ್ತದೆ, ಪಾದ ಆಗಲೇ ಅಪ್ಪನ ಚಪ್ಪಲಿಗೆ ಸರಿಹೋಗುವಷ್ಟಿರುತ್ತದೆ. ಪಕ್ಕದ ಲೇನಿನವನು ಅವನ ಎದೆಮಟ್ಟಕ್ಕೆ ಬರುತ್ತಾನೆ ಅಷ್ಟೇ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. ಒಬ್ಬ ಮೊದಲು ಬರುತ್ತಾನೆ, ಇನ್ನೊಬ್ಬ ಕೊನೆಗೆ. ಆಮೇಲೆ ಒಬ್ಬನಿಗೆ "ಹುಟ್ಟು ಚಾಂಪಿಯನ್" ಎನ್ನುವ ಹೊಗಳಿಕೆ, ಇನ್ನೊಬ್ಬನಿಗೆ "ಇವನಿಗೆ ಈಜು ಆಗಿಬರಲ್ಲ ಅನ್ಸುತ್ತೆ" ಎನ್ನುವ ತೀರ್ಪು. ಎರಡೂ ಅವಸರದ ಮಾತು.

ಒಂದೇ ವಯಸ್ಸಿನ ಮಕ್ಕಳ ಮೈ ಬೆಳವಣಿಗೆಯಲ್ಲಿ ನಾಲ್ಕೈದು ವರ್ಷದಷ್ಟು ವ್ಯತ್ಯಾಸ ಇರಬಹುದು. ಅಂದರೆ 12 ತುಂಬಿದ ಒಬ್ಬನ ಮೂಳೆ 14ರ ಹುಡುಗನ ಹಾಗಿರುತ್ತದೆ, ಇನ್ನೊಬ್ಬನದು 10ರ ಹುಡುಗನ ಹಾಗೆ. ಸ್ಟಾಪ್‌ವಾಚ್‌ಗೆ ಇದು ಗೊತ್ತಾಗುವುದಿಲ್ಲ. ಅದು ಮೈ ಬೆಳೆದದ್ದನ್ನೂ ಈಜು ಕಲಿತದ್ದನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಅದನ್ನು ಬಿಡಿಸಿ ನೋಡುವುದು ಹೇಗೆ, ನೋಡಿದ ಮೇಲೆ ತರಬೇತಿಯಲ್ಲಿ ಏನು ಬದಲಾಯಿಸಬೇಕು ಎನ್ನುವುದನ್ನು ಅಪ್ಪ ಅಮ್ಮಂದಿರಿಗೂ, ಮಕ್ಕಳಿಗೆ ಕಲಿಸುವ ಕೋಚ್‌ಗಳಿಗೂ ಆಗುವ ಹಾಗೆ ಬರೆದಿದ್ದೇನೆ. ಬೇಕಾಗುವುದು ಒಂದು ನೋಟ್‌ಬುಕ್, ಅಳತೆ ಟೇಪು, ಸ್ವಲ್ಪ ತಾಳ್ಮೆ.

ಮೊದಲ ಹೆಜ್ಜೆ: ಹುಟ್ಟಿದ ತಿಂಗಳು ನೋಡಿ

ಈಜಿನ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್ ನಿಯಮದಲ್ಲಿ ಸ್ಪರ್ಧೆ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸೋ ಅದೇ ಲೆಕ್ಕ. ನಿಮ್ಮ ಮಗು ಈಜುವ ಸ್ಪರ್ಧೆಗಳಲ್ಲಿ ಯಾವ ದಿನಾಂಕ ಹಿಡಿಯುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಡಿಸೆಂಬರ್ 31 ಅಂದರೆ, ಜನವರಿಯಲ್ಲಿ ಹುಟ್ಟಿದವಳೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವಳೂ ಒಂದೇ ಗುಂಪು. ಹತ್ತು ವರ್ಷದ ಮಕ್ಕಳಿಗೆ ಹನ್ನೊಂದು ತಿಂಗಳು ಅಂದರೆ ಸಣ್ಣ ಮಾತಲ್ಲ. ಎರಡು ವರ್ಷದ ಏಜ್ ಗ್ರೂಪ್ ಆದರಂತೂ ಅಂತರ ಇನ್ನೂ ಜಾಸ್ತಿ. ಚಿಕ್ಕ ವಯಸ್ಸಿನ ಗೆದ್ದವರ ಪಟ್ಟಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಸಿಗುವುದು ಇದಕ್ಕೇ. ವಯಸ್ಸು ಏರಿದ ಹಾಗೆ ಈ ಲಾಭ ಕರಗುತ್ತಾ ಹೋಗುತ್ತದೆ.

ಮಾಡಬೇಕಾದದ್ದು ಸುಲಭ. ನೋಟ್‌ಬುಕ್‌ನಲ್ಲಿ ಪ್ರತಿ ಟೈಮಿಂಗ್ ಪಕ್ಕ ವಯಸ್ಸನ್ನು "11" ಎಂದು ಬರೆಯಬೇಡಿ, "11 ವರ್ಷ 2 ತಿಂಗಳು" ಎಂದು ಬರೆಯಿರಿ. ಅಕ್ಕ ತಂಗಿಯರನ್ನು ಹೋಲಿಸುವಾಗ, ಹಿಂದಿನ ವರ್ಷ ಗೆದ್ದವರ ಟೈಮಿಂಗ್ ನೋಡುವಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಆದರೆ ಹುಟ್ಟಿದ ತಿಂಗಳೇ ಬೇರೆ, ಮೈ ಬಲಿಯುವುದೇ ಬೇರೆ. ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗ ಎಲ್ಲರಿಗಿಂತ ಮೊದಲೇ ಮೀಸೆ ಬಿಡಬಹುದು. ಹಾಗಾಗಿ ಇಲ್ಲಿಗೇ ನಿಲ್ಲಬೇಡಿ.

ಎರಡನೇ ಹೆಜ್ಜೆ: ಎತ್ತರ ಅಳೆಯಿರಿ, ಸರಿಯಾಗಿ ಅಳೆಯಿರಿ

ಸಣ್ಣ ಮಕ್ಕಳು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾರೆ. ಆಮೇಲೆ ಒಂದು ಕಾಲ ಬರುತ್ತದೆ, ಮೂರು ತಿಂಗಳ ಹಿಂದೆ ತಂದ ಪ್ಯಾಂಟ್ ಕಣಕಾಲಿಂದ ಮೇಲೆ ಬಂದಿರುತ್ತದೆ. ಈ ಸರ್ರನೆ ಬೆಳೆಯುವ ಕಾಲದ ತುದಿ, ಅಂದರೆ ಎತ್ತರ ಎಲ್ಲಕ್ಕಿಂತ ವೇಗವಾಗಿ ಏರುವ ಹೊತ್ತು, ಹುಡುಗಿಯರಿಗೆ ಸರಾಸರಿ 12ರ ಹತ್ತಿರ, ಹುಡುಗರಿಗೆ 14ರ ಹತ್ತಿರ ಬರುತ್ತದೆ. ಆಗ ಹುಡುಗಿಯರು ವರ್ಷಕ್ಕೆ ಸುಮಾರು 8 ಸೆಂ.ಮೀ., ಹುಡುಗರು 9–10 ಸೆಂ.ಮೀ. ಬೆಳೆಯಬಹುದು. ಇವು ಸರಾಸರಿ ಮಾತ್ರ. ಒಂದೆರಡು ವರ್ಷ ಮೊದಲೋ ಆಮೇಲೋ ಆದರೆ ಅದೂ ಸಹಜವೇ.

ಅಳೆಯುವುದು ಹೀಗೆ: ಬೆಳಗ್ಗೆ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ಕಣ್ಣು ನೇರ ಮುಂದಕ್ಕೆ ನೋಡಲಿ, ಗಲ್ಲ ಮೇಲೆತ್ತುವುದು ಬೇಡ. ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ತಲೆಗೆ ತಾಗುವವರೆಗೆ ಇಳಿಸಿ ಗುರುತು ಹಾಕಿ. ಎರಡು ಸಲ ಅಳೆಯಿರಿ, ಅರ್ಧ ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ. ಬೆಳಗ್ಗೆಯೇ ಯಾಕೆ ಅಂದರೆ, ದಿನವಿಡೀ ನಿಂತು ಕೂತು ಬೆನ್ನುಮೂಳೆ ಅದುಮಿ ಸಂಜೆಯ ಹೊತ್ತಿಗೆ ಎತ್ತರ ಒಂದು ಸೆಂ.ಮೀ. ತನಕ ಇಳಿದಿರುತ್ತದೆ. ಮೂರು ತಿಂಗಳ ಅಳತೆಯನ್ನು ನಾಲ್ಕರಿಂದ ಗುಣಿಸಿ ವರ್ಷದ ಲೆಕ್ಕ ಹಾಕುತ್ತೀರಿ, ಅಲ್ವಾ? ಆ ಒಂದು ಸೆಂ.ಮೀ. ತಪ್ಪು ಅಲ್ಲಿ ನಾಲ್ಕಾಗುತ್ತದೆ. ಮೂರು ತಿಂಗಳಿಗೊಮ್ಮೆ ಅಳೆಯಿರಿ, ತೀರ್ಮಾನವನ್ನು ಮಾತ್ರ ಆರು ತಿಂಗಳ ಅಂತರ ನೋಡಿ ಮಾಡಿ.

ಜೊತೆಗೆ ಎರಡು ಕೈ ಚಾಚಿದಾಗ ಒಂದು ಬೆರಳ ತುದಿಯಿಂದ ಇನ್ನೊಂದು ತುದಿಯವರೆಗಿನ ಉದ್ದ ಮತ್ತು ಕೂತಾಗಿನ ಎತ್ತರವನ್ನೂ ಬರೆದಿಡಿ. ಪಾದ ಎಲ್ಲಕ್ಕಿಂತ ಮೊದಲು ಬೆಳೆಯುತ್ತದೆ, ಆಮೇಲೆ ಕಾಲು, ಕೊನೆಗೆ ಮುಂಡ. ಶೂ ಸೈಜ್ ಮೇಲಿಂದ ಮೇಲೆ ಬದಲಾಗುತ್ತಿದ್ದರೆ ದೊಡ್ಡ ಬೆಳವಣಿಗೆ ಬಾಗಿಲಲ್ಲಿ ನಿಂತಿದೆ ಎಂದುಕೊಳ್ಳಿ.

ತೂಕದ ಬಗ್ಗೆ ಒಂದು ಮಾತು. ಮಕ್ಕಳನ್ನು ಪೂಲ್ ಪಕ್ಕ ಸಾಲಾಗಿ ನಿಲ್ಲಿಸಿ ತೂಕ ನೋಡಿ ಎಲ್ಲರೆದುರು ಗಟ್ಟಿಯಾಗಿ ಓದುವುದನ್ನು ಯಾರಾದರೂ ಇನ್ನೂ ಮಾಡುತ್ತಿದ್ದರೆ ನಿಲ್ಲಿಸಲಿ. ಅದರಿಂದ ಯಾರ ಟೈಮಿಂಗೂ ಇಳಿದಿಲ್ಲ.

ಮೂರನೇ ಹೆಜ್ಜೆ: ಮಗು ಈಗ ಎಲ್ಲಿದೆ?

ಕೊನೆಗೆ ಎಷ್ಟು ಎತ್ತರ ಆಗಬಹುದು ಎನ್ನುವುದಕ್ಕೆ ಮಕ್ಕಳ ಡಾಕ್ಟರುಗಳು ಬಳಸುವ ಒಂದು ಸರಳ ಲೆಕ್ಕ ಇದೆ. ಅಪ್ಪ ಅಮ್ಮನ ಎತ್ತರವನ್ನು ಸೆಂ.ಮೀ.ನಲ್ಲಿ ಕೂಡಿಸಿ. ಹುಡುಗನಾದರೆ ಅದಕ್ಕೆ 13 ಸೇರಿಸಿ, ಹುಡುಗಿಯಾದರೆ 13 ಕಳೆಯಿರಿ. ಬಂದದ್ದನ್ನು ಎರಡರಿಂದ ಭಾಗಿಸಿ. ಅಪ್ಪ 172, ಅಮ್ಮ 158 ಸೆಂ.ಮೀ. ಅಂದುಕೊಳ್ಳಿ. ಮಗನಿಗೆ 171.5, ಮಗಳಿಗೆ 158.5. ಮಗ ಈಗ 150 ಇದ್ದರೆ ಕೊನೆಯ ಎತ್ತರದ ಸುಮಾರು 87 ಶೇಕಡಾ ಮುಟ್ಟಿದ್ದಾನೆ. 165 ಇದ್ದರೆ 96 ಶೇಕಡಾ. ಬೆಳವಣಿಗೆಯ ತುದಿ ಸಾಮಾನ್ಯವಾಗಿ 90ರಿಂದ 92 ಶೇಕಡಾ ಆಸುಪಾಸು ಬರುತ್ತದೆ. ಹಾಗಾಗಿ 87ರವನಿಗೆ ಅದು ಇನ್ನೂ ಬರಬೇಕು, 96ರವನಿಗೆ ಮುಗಿದಿದೆ.

ಈ ಲೆಕ್ಕ ಎಂಟೊಂಬತ್ತು ಸೆಂ.ಮೀ. ಆಚೀಚೆ ಹೋಗುತ್ತದೆ. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ, ಎತ್ತರ ಏರುವ ವೇಗದ ಜೊತೆ ಇಟ್ಟು ನೋಡಿ. ಕೂತಾಗಿನ ಎತ್ತರ, ಕಾಲಿನ ಉದ್ದ, ತೂಕ, ವಯಸ್ಸು ಹಾಕಿ ಬೆಳವಣಿಗೆಯ ತುದಿಗೆ ಎಷ್ಟು ದೂರ ಇದೆ ಎಂದು ಹೇಳುವ, 2002ರಲ್ಲಿ ಬಂದ ಮಿರ್ವಾಲ್ಡ್ ಸೂತ್ರವೂ ಇದೆ. ತುಂಬ ಬೇಗ ಅಥವಾ ತುಂಬ ತಡವಾಗಿ ಬೆಳೆಯುವ ಮಕ್ಕಳಲ್ಲಿ ಅದೂ ಎಡವುತ್ತದೆ. ನಮಗೆ ಬೇಕಾದದ್ದು ಅವರ ವಿಷಯದಲ್ಲೇ, ಏನು ಮಾಡೋದು!

ಹುಡುಗಿಯರಲ್ಲಿ ಮೊದಲ ಮುಟ್ಟು ಬರುವುದು ಸಾಮಾನ್ಯವಾಗಿ ಈ ತುದಿ ದಾಟಿ ಒಂದು ವರ್ಷದ ಹೊತ್ತಿಗೆ. ಹುಡುಗರಲ್ಲಿ ಎತ್ತರ ಮೊದಲು ಬರುತ್ತದೆ, ಬಲ ಆಮೇಲೆ. ಬೆಳವಣಿಗೆಯ ತುದಿ ದಾಟಿದ ಸುಮಾರು ಒಂದು ವರ್ಷಕ್ಕೆ ತೋಳಿಗೆ ತಾಕತ್ತು ಬರುತ್ತದೆ. "ಇಷ್ಟುದ್ದ ಬೆಳೆದಿದ್ದಾನೆ, ವೇಗ ಮಾತ್ರ ಇಲ್ಲ" ಎಂದು ಬೈಸಿಕೊಳ್ಳುವ ಹುಡುಗ ಹೆಚ್ಚಾಗಿ ಈ ನಡುವಿನ ವರ್ಷದಲ್ಲಿ ಸಿಕ್ಕಿಕೊಂಡವನು.

ನಾಲ್ಕನೇ ಹೆಜ್ಜೆ: ಟೈಮಿಂಗ್ ಜೊತೆ ಕೈ ಲೆಕ್ಕ ಹಾಕಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಮೊದಲು, ಎತ್ತರ ಯಾಕೆ ಲಾಭ ಎಂದು ನೋಡೋಣ. ನೀರಿನ ಮೇಲ್ಮೈಯಲ್ಲಿ ಈಜುವಾಗ ಮೈ ಅಲೆ ಎಬ್ಬಿಸುತ್ತದೆ, ಅಲೆ ಎಬ್ಬಿಸಲು ಶಕ್ತಿ ಖರ್ಚಾಗುತ್ತದೆ. ಉದ್ದದ ದೋಣಿ ಗಿಡ್ಡ ದೋಣಿಗಿಂತ ಸಲೀಸಾಗಿ ಸಾಗುವ ಹಾಗೆ, ಅದೇ ವೇಗದಲ್ಲಿ ಉದ್ದ ಮೈಗೆ ಈ ಅಲೆಯ ತಡೆ ಕಡಿಮೆ. ಕೈ ಉದ್ದವಾದರೆ ಒಂದೊಂದು ಎಳೆತಕ್ಕೂ ದೂರ ಜಾಸ್ತಿ. ಅಂಗೈ, ಪಾದ ದೊಡ್ಡದಾದರೆ ನೀರಿನ ಹಿಡಿತವೂ ಜಾಸ್ತಿ. ಗೋಡೆ ಮುಟ್ಟುವಾಗ ಉದ್ದ ಕೈಯವರು ಮೊದಲೇ ಮುಟ್ಟುತ್ತಾರೆ. ಇದರಲ್ಲಿ ಯಾವುದನ್ನೂ ಮಗು ಕಲಿತದ್ದಲ್ಲ, ತಾನಾಗಿ ಬಂದದ್ದು.

ಈಗ ಕೈ ಲೆಕ್ಕ. 25 ಮೀಟರ್ ಪೂಲ್‌ನಲ್ಲಿ ಫ್ರೀಸ್ಟೈಲ್. ಆರಾಮಾಗಿ ಆದರೆ ಒಂದೇ ವೇಗದಲ್ಲಿ ಈಜಲು ಹೇಳಿ. ಗೋಡೆ ಒದ್ದು ಹೊರಟು 5 ಮೀಟರ್‌ನಲ್ಲಿ ಮೇಲೆ ಬರಲಿ. ಅಲ್ಲಿಂದ ಗೋಡೆವರೆಗೆ ಎಷ್ಟು ಕೈ ಹಾಕಿದರು ಎಂದು ಎಣಿಸಿ, ಎಡ ಬಲ ಎರಡೂ ಸೇರಿ. ಟೈಮೂ ಬರೆಯಿರಿ.

ಒಂದು ಉದಾಹರಣೆ ನೋಡಿ. ಒಬ್ಬ ಹುಡುಗಿ 150 ಸೆಂ.ಮೀ. ಇದ್ದಾಗ 20 ಮೀಟರ್‌ಗೆ 20 ಕೈ ಹಾಕುತ್ತಿದ್ದಳು, ಅಂದರೆ ಕೈಗೆ ಒಂದು ಮೀಟರ್. ಒಂಬತ್ತು ತಿಂಗಳಾದ ಮೇಲೆ 156 ಆಗಿದ್ದಾಳೆ, 4 ಶೇಕಡಾ ಹೆಚ್ಚು. ಬೇರೇನೂ ಬದಲಾಗದಿದ್ದರೂ ಅದೇ ವೇಗಕ್ಕೆ ಈಗ 19 ಕೈ ಸಾಕಾಗಬೇಕು. ಅವಳ 50 ಮೀಟರ್ ಟೈಮ್ 34 ಸೆಕೆಂಡ್‌ನಿಂದ 32ಕ್ಕೆ ಇಳಿದಿದೆ, ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಆರಾಮದ ವೇಗದಲ್ಲಿ ಎಣಿಸಿದರೆ ಕೈ 21 ಬರುತ್ತಿದೆ! ಅಂದರೆ ಏನು? ಮೈ ಉದ್ದವಾಗಿದೆ, ಬಲ ಬಂದಿದೆ, ನೀರು ಹಿಡಿಯುವ ಕಲೆ ಮಾತ್ರ ಹಿಂದಕ್ಕೆ ಹೋಗಿದೆ. ಮೊಣಕೈ ಇಳಿದು ಬರೀ ಅಂಗೈ ನೀರಿನಲ್ಲಿ ಜಾರುತ್ತಿರಬಹುದು, ಉಸಿರಿಗೆ ತಲೆ ಎತ್ತುವಾಗ ಸೊಂಟ ಮುಳುಗುತ್ತಿರಬಹುದು. ಈ ಹುಡುಗಿ ಇನ್ನೊಂದು ವರ್ಷ ಗೆಲ್ಲುತ್ತಾಳೆ, ಆಮೇಲೆ ಬೆಳವಣಿಗೆ ನಿಂತ ದಿನ ಟೈಮಿಂಗೂ ನಿಲ್ಲುತ್ತದೆ.

ಇದಕ್ಕೆ ಉಲ್ಟಾ ಇನ್ನೊಬ್ಬಳಿದ್ದಾಳೆ. ಎತ್ತರ ಒಂದೂವರೆ ಸೆಂ.ಮೀ. ಏರಿದೆ ಅಷ್ಟೇ. 50 ಮೀಟರ್‌ನಲ್ಲಿ ಅರ್ಧ ಸೆಕೆಂಡ್ ಇಳಿದಿದೆ, ಯಾರೂ ಗಮನಿಸಿಲ್ಲ. ಕೈ ಮಾತ್ರ 22ರಿಂದ 20ಕ್ಕೆ ಬಂದಿದೆ. ಕಲಿತಿರುವವಳು ಇವಳು. ಕೋಚ್ ಆಗಿದ್ದರೆ ನಾನು ಇವಳ ಲೇನಿನ ಪಕ್ಕ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಎಚ್ಚರ ಒಂದೇ: ಕೈ ಕಡಿಮೆ ಮಾಡುವುದೇ ಆಟ ಎಂದು ಮಕ್ಕಳು ಸುಮ್ನೆ ಕೈ ಚಾಚಿ ತೇಲತೊಡಗುತ್ತಾರೆ. ಅದಕ್ಕೇ ಟೈಮೂ ಕೈಯೂ ಎರಡೂ ಬೇಕು.

ಐದನೇ ಹೆಜ್ಜೆ: ಹಂತ ನೋಡಿ ತರಬೇತಿ

ಬೆಳವಣಿಗೆಯ ಜಿಗಿತಕ್ಕೆ ಮೊದಲು ನಾಲ್ಕೂ ಸ್ಟ್ರೋಕ್, ಕಿಕ್, ಟರ್ನ್, ಡೈವ್, ನೀರಿನ ಆಟ ಎಲ್ಲವೂ ಇರಲಿ. "ಇವಳು ಬ್ರೆಸ್ಟ್‌ಸ್ಟ್ರೋಕ್ ಹುಡುಗಿ" ಎಂದು ಹತ್ತನೇ ವಯಸ್ಸಿಗೇ ಮೊಹರು ಒತ್ತುವುದು ಬೇಡ. ಕೈಕಾಲಿನ ಅಳತೆಯೇ ಬದಲಾಗಲಿದೆ, ನಾಳೆ ಅವಳ ಮೈಗೆ ಬ್ಯಾಕ್‌ಸ್ಟ್ರೋಕ್ ಒಗ್ಗಬಹುದು. ಹತ್ತು ವರ್ಷದವರೆಗೆ ಹುಡುಗಿಯರ, ಹುಡುಗರ ಟೈಮಿಂಗ್ ಹೆಚ್ಚುಕಡಿಮೆ ಒಂದೇ, ಕೆಲವು ಸಲ ಹುಡುಗಿಯರೇ ಮುಂದೆ. ಒಟ್ಟಿಗೆ ಅಭ್ಯಾಸ ಮಾಡಲಿ.

ಜಿಗಿತದ ಕಾಲದಲ್ಲಿ ತರಬೇತಿ ಏರಿಸದೆ ಸ್ವಲ್ಪ ಹಿಡಿತದಲ್ಲಿ ಇಡಬೇಕು. ಮೂಳೆ ಬೇಗ ಉದ್ದವಾಗುತ್ತದೆ, ಗಟ್ಟಿಯಾಗುವುದು ಸ್ವಲ್ಪ ತಡ. ಸ್ನಾಯು, ನರ ಹೊಸ ಅಳತೆಗೆ ಹೊಂದಿಕೊಳ್ಳಲು ಟೈಮ್ ಬೇಕು. ನಿನ್ನೆವರೆಗೆ ಚೆನ್ನಾಗಿ ಫ್ಲಿಪ್ ಟರ್ನ್ ಹೊಡೆಯುತ್ತಿದ್ದ ಹುಡುಗನ ಹಿಮ್ಮಡಿ ಈಗ ಗೋಡೆಯ ಅಂಚಿಗೆ ಬಡಿಯುತ್ತದೆ, ಯಾಕೆಂದರೆ ಅವನ ಕಾಲು ಎಷ್ಟುದ್ದ ಇದೆ ಎನ್ನುವುದು ಅವನಿಗೇ ಇನ್ನೂ ಗೊತ್ತಾಗಿಲ್ಲ. ಬೈಯಬೇಡಿ. ಟರ್ನ್‌ಗೆ ಹೊರಡುವ ಜಾಗವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ನಿಧಾನಕ್ಕೆ ಮತ್ತೆ ಕಲಿಸಿ. ಈ ತಿಂಗಳುಗಳಲ್ಲಿ ಅಂಗೈಗೆ ದೊಡ್ಡ ಪ್ಯಾಡಲ್ (ನೀರು ತಳ್ಳುವ ಹಲಗೆ) ಕಟ್ಟಿ ಉದ್ದುದ್ದ ಸೆಟ್ ಕೊಡುವುದು, ಬಟರ್‌ಫ್ಲೈ ದೂರ ಏಕಾಏಕಿ ಏರಿಸುವುದು ಬೇಡ. ಭುಜದ ನೋವು ಶುರುವಾಗುವುದು ಹೆಚ್ಚಾಗಿ ಇಂಥ ಕಡೆ.

ನೀರಿನಲ್ಲಿ ಮೈಯ ಭಾರ ಮೂಳೆಯ ಮೇಲೆ ಅಷ್ಟಾಗಿ ಬೀಳುವುದಿಲ್ಲ, ಹಾಗಾಗಿ ಬರೀ ಈಜಿದರೆ ಮೂಳೆ ಗಟ್ಟಿಯಾಗಲು ಬೇಕಾದ ಪೆಟ್ಟು ಸಿಗುವುದಿಲ್ಲ. ಓಡುವುದು, ಕುಣಿಯುವುದು, ಹಗ್ಗ ಜಿಗಿಯುವುದು ವಾರದಲ್ಲಿ ಎರಡು ಮೂರು ದಿನ ಇರಲಿ. ತೂಕ ಎತ್ತಿದರೆ ಮಕ್ಕಳು ಗಿಡ್ಡ ಉಳಿಯುತ್ತಾರೆ ಎನ್ನುವ ಹೆದರಿಕೆ ಬಿಡಿ. ಗೊತ್ತಿರುವವರ ಕಣ್ಣೆದುರು, ಹಗುರ ಭಾರದಿಂದ, ಸರಿಯಾದ ಭಂಗಿಯಲ್ಲಿ ಮಾಡಿದರೆ ಏನೂ ಆಗುವುದಿಲ್ಲ. ಭಾರ ನಿಜವಾಗಿ ಏರಿಸಲು ಒಳ್ಳೆಯ ಕಾಲ ಜಿಗಿತ ದಾಟಿದ ಮೇಲೆ. ಆಗ ಹೆಚ್ಚಿನ ದೂರವನ್ನೂ ಮೈ ತಡೆದುಕೊಳ್ಳುತ್ತದೆ.

"ಈ ವಯಸ್ಸು ತಪ್ಪಿದರೆ ವೇಗ ಬರುವುದೇ ಇಲ್ಲ, ಆ ವಯಸ್ಸು ತಪ್ಪಿದರೆ ದಮ್ಮು ಬರುವುದೇ ಇಲ್ಲ" ಎಂದು ಪಟ್ಟಿ ಹಿಡಿದು ಹೆದರಿಸುವವರಿದ್ದಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ತಲೆಗೆ ಹಚ್ಚಿಕೊಳ್ಳಬೇಡಿ.

ನಿದ್ದೆ ಮಾತ್ರ ತಲೆಗೆ ಹಚ್ಚಿಕೊಳ್ಳಿ. 6ರಿಂದ 12 ವರ್ಷದವರಿಗೆ 9–12 ಗಂಟೆ, 13ರಿಂದ 18ರವರಿಗೆ 8–10 ಗಂಟೆ. ಬೆಳಗಿನ ಜಾವದ ಅಭ್ಯಾಸ ಇದನ್ನೇ ಕದಿಯುತ್ತದೆ.

ಆರನೇ ಹೆಜ್ಜೆ: ಬೇಗ ಬೆಳೆದವರು, ತಡವಾಗಿ ಬೆಳೆಯುವವರು

ಬೇಗ ಬೆಳೆದ ಮಗುವಿಗೆ ಗೆಲುವೇ ತೊಂದರೆ. ಬಲದಿಂದಲೇ ಗೆದ್ದುಬಿಡುವುದರಿಂದ ತಿದ್ದಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಇವರನ್ನು ಕೆಲವು ಸೆಟ್‌ಗಳಿಗೆ ಅಷ್ಟೇ ಬೆಳೆದ ದೊಡ್ಡವರ ಲೇನಿಗೆ ಹಾಕಿ. ಕೊನೆಯ ಎತ್ತರದ ಎಷ್ಟು ಶೇಕಡಾ ಮುಟ್ಟಿದ್ದಾರೆ ಎಂದು ನೋಡಿ ಮಕ್ಕಳನ್ನು ಗುಂಪು ಮಾಡುವ ಪದ್ಧತಿಗೆ ಬಯೋ-ಬ್ಯಾಂಡಿಂಗ್ ಎನ್ನುತ್ತಾರೆ, ಫುಟ್‌ಬಾಲ್‌ನಲ್ಲಿ ಚಾಲ್ತಿಯಲ್ಲಿದೆ. ಪೂಲ್‌ನಲ್ಲಿ ವಾರಕ್ಕೊಂದು ದಿನ ಮಾಡಿದರೂ ಸಾಕು. ಜೊತೆಗೆ ಕೈ ಲೆಕ್ಕದ ಮಿತಿ ಹಾಕಿ: 19 ಕೈಯಲ್ಲೇ ಗೋಡೆ ಮುಟ್ಟಬೇಕು, ಟೈಮೂ ಹೆಚ್ಚಾಗಬಾರದು. ಮತ್ತೆ ಮೈ ದೊಡ್ಡದೆಂದು ಮನಸ್ಸೂ ದೊಡ್ಡದೆಂದುಕೊಳ್ಳಬೇಡಿ. ಆರಡಿ ಇದ್ದರೂ ಅವನು 13ರ ಹುಡುಗನೇ.

ತಡವಾಗಿ ಬೆಳೆಯುವ ಮಗುವಿಗೆ ನೀರಿನ ಒಳಗೆ ಅವಕಾಶ ಇದೆ. ಅಲೆಯ ತಡೆ ಇರುವುದು ಮೇಲ್ಮೈಯಲ್ಲಿ, ಆಳಕ್ಕೆ ಹೋದರೆ ಬಹಳ ಕಡಿಮೆ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಯಲ್ಲಿ ಪ್ರತಿ ಗೋಡೆಯ ನಂತರ 15 ಮೀಟರ್‌ವರೆಗೆ ಒಳಗಿರಬಹುದು. ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒದೆಯುವುದು), ಗೋಡೆ ಒದೆಯುವಾಗಿನ ನೇರ ಮೈ, ಚುರುಕು ಟರ್ನ್ ಇವನ್ನು ಗಿಡ್ಡ ಮಗುವೂ ಎಲ್ಲರಿಗಿಂತ ಚೆನ್ನಾಗಿ ಕಲಿಯಬಹುದು, ಆಮೇಲೆ ಎತ್ತರ ಬಂದಾಗ ಅದು ಬಡ್ಡಿ ಸಮೇತ ಸಿಗುತ್ತದೆ. ಆದರೆ ಉಸಿರು ಕಟ್ಟುವ ಪಂದ್ಯ ಕಟ್ಟಿಸಬೇಡಿ, ನೀರಿನಡಿ ಪ್ರಜ್ಞೆ ತಪ್ಪಿದರೆ ಜೀವಕ್ಕೇ ಅಪಾಯ. ಈ ಮಗುವಿಗೆ ಹೇಳಬೇಕಾದದ್ದು ಸಮಾಧಾನದ ಮಾತಲ್ಲ, ನೋಟ್‌ಬುಕ್ ತೋರಿಸಿ: "ನೋಡು, ನೀನಿನ್ನೂ 86 ಶೇಕಡಾದಲ್ಲಿದ್ದೀಯ, ಅವನು 95 ದಾಟಿದ್ದಾನೆ. ನಿನ್ನ ಕೈ ಲೆಕ್ಕ ಎರಡು ಇಳಿದಿದೆ."

ಚಿಕ್ಕ ವಯಸ್ಸಿಗೇ ಶಿಖರ ಮುಟ್ಟಿದವರಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಅಮೆರಿಕದ ಕೇಟಿ ಲೆಡೆಕಿ 2012ರಲ್ಲಿ 15ನೇ ವಯಸ್ಸಿಗೆ 800 ಮೀಟರ್ ಒಲಿಂಪಿಕ್ ಚಿನ್ನ ಗೆದ್ದಳು. ಚೀನಾದ ಯು ಝಿದಿ 2025ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 12 ವರ್ಷಕ್ಕೇ ರಿಲೇ ಕಂಚು ಪಡೆದಳು. ಆದರೆ ಸ್ವೀಡನ್‌ನ ಸಾರಾ ಶೋಸ್ಟ್ರೋಮ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50, 100 ಮೀಟರ್ ಚಿನ್ನ ಗೆದ್ದದ್ದು 30ರಲ್ಲಿ. ಅಮೆರಿಕದ ಆಂಥನಿ ಎರ್ವಿನ್ 2016ರ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಗೆದ್ದಾಗ ಅವನಿಗೆ 35. ದೊಡ್ಡ ಮಟ್ಟದ ಈಜುಗಾರರು ತಮ್ಮ ಅತ್ಯುತ್ತಮ ಟೈಮ್ ಈಜುವುದು ಸರಾಸರಿ ಹೆಂಗಸರಲ್ಲಿ 22–23, ಗಂಡಸರಲ್ಲಿ 24ರ ಆಸುಪಾಸು. ಹತ್ತನೇ ವಯಸ್ಸಿನ ಪಟ್ಟಿಯ ತುದಿಯಲ್ಲಿದ್ದವರಲ್ಲಿ ಹೆಚ್ಚಿನವರು 18ರ ಪಟ್ಟಿಯ ತುದಿಯಲ್ಲಿ ಇರುವುದಿಲ್ಲ.

ಏಳನೇ ಹೆಜ್ಜೆ: ಹುಡುಗಿಯರ ಟೈಮಿಂಗ್ ನಿಂತಾಗ

ಹುಡುಗಿಯರು ಬೇಗ ಬೆಳೆಯುತ್ತಾರೆ, ಬೇಗ ಟೈಮಿಂಗ್ ಇಳಿಸುತ್ತಾರೆ, ಆಮೇಲೆ 13–15ರ ನಡುವೆ ಒಂದು ಕಡೆ ನಿಂತುಬಿಡುತ್ತಾರೆ. ಸೊಂಟ ಅಗಲವಾಗುತ್ತದೆ, ಮೈಗೆ ಸ್ವಲ್ಪ ಕೊಬ್ಬು ಕೂಡುತ್ತದೆ, ತೇಲುವ ಸಮತೋಲ ಬದಲಾಗುತ್ತದೆ. ಇದು ರೋಗವೂ ಅಲ್ಲ, ಸೋಮಾರಿತನವೂ ಅಲ್ಲ. ಇದೇ ಹೊತ್ತಿಗೆ ಹುಡುಗರು ಟೆಸ್ಟೊಸ್ಟೆರಾನ್ ಎನ್ನುವ ಹಾರ್ಮೋನಿನ ಬಲದಿಂದ ತಿಂಗಳು ತಿಂಗಳೂ ಮುಂದೆ ಹೋಗುತ್ತಿರುತ್ತಾರೆ. ಅದನ್ನು ನೋಡಿ ಅವಳಿಗೆ ಇನ್ನೂ ಬೇಸರ.

ಈಗ ಮಾಡಬಾರದ್ದು ಊಟ ಕಡಿಮೆ ಮಾಡುವುದು. "ಸ್ವಲ್ಪ ತೂಕ ಇಳಿಸು" ಎನ್ನುವ ಒಂದು ಮಾತು ಅವಳನ್ನು ಈಜು ಬಿಡಿಸಬಹುದು, ಊಟವನ್ನೂ ಬಿಡಿಸಬಹುದು. ಖರ್ಚಿಗೆ ತಕ್ಕಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ, ಟೈಮಿಂಗ್ ಇನ್ನೂ ಹದಗೆಡುತ್ತದೆ. ಮಾಡಬೇಕಾದದ್ದು ನೆಲದ ಮೇಲಿನ ಬಲದ ವ್ಯಾಯಾಮ, ಸ್ಟ್ರೋಕ್‌ಗೆ ಹೊಸ ಮೈಗೆ ತಕ್ಕ ತಿದ್ದುಪಡಿ, ಬೇರೆ ಈವೆಂಟ್‌ಗಳ ರುಚಿ. ಸುಸ್ತು ಜಾಸ್ತಿ ಇದ್ದರೆ ಡಾಕ್ಟರಿಗೆ ತೋರಿಸಿ ಕಬ್ಬಿಣದ ಅಂಶ ನೋಡಿಸಿ. ಮುಟ್ಟಿನ ದಿನಗಳ ಬಗ್ಗೆ ಅವಳು ಸಂಕೋಚ ಇಲ್ಲದೆ ಹೇಳಿಕೊಳ್ಳುವಂಥ ಒಬ್ಬರು ಪೂಲ್‌ನಲ್ಲಿ ಇರಬೇಕು.

ಡಾಕ್ಟರ ಹತ್ತಿರ ಯಾವಾಗ?

ಭುಜ ಅಥವಾ ಮೊಣಕಾಲು ಎರಡು ವಾರ ದಾಟಿದರೂ ನೋಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ, ಮೊಣಕಾಲ ಚಿಪ್ಪಿನ ಕೆಳಗೆ ಒತ್ತಿದರೆ ನೋಯುವ ಗಂಟು ಬಂದಿದ್ದರೆ ತೋರಿಸಿ. ಹುಡುಗಿಗೆ 8ಕ್ಕೆ ಮೊದಲು, ಹುಡುಗನಿಗೆ 9ಕ್ಕೆ ಮೊದಲು ಮೈ ಬಲಿಯುವ ಲಕ್ಷಣ ಕಂಡರೂ, ಹುಡುಗಿಗೆ 13, ಹುಡುಗನಿಗೆ 14 ಆದರೂ ಏನೂ ಶುರುವಾಗದಿದ್ದರೂ ತೋರಿಸಿ. 15 ತುಂಬಿದರೂ ಮುಟ್ಟು ಬಾರದಿದ್ದರೆ, ಅಥವಾ ಬರುತ್ತಿದ್ದದ್ದು ಮೂರು ತಿಂಗಳು ನಿಂತರೆ "ಈಜುವವರಿಗೆ ಹಾಗೇ" ಎಂದು ಸುಮ್ಮನಿರಬೇಡಿ.

ಮೂಳೆಯ ವಯಸ್ಸು ತಿಳಿಯಲು ಎಡ ಅಂಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆಯುತ್ತಾರೆ. ಅದು ಬೇಕೋ ಬೇಡವೋ ಎಂದು ಡಾಕ್ಟರೇ ಹೇಳಲಿ. ಮುಂದಿನ ಸ್ಪರ್ಧೆಯಲ್ಲಿ ಯಾರು ಗೆಲ್ಲಬಹುದು ಎಂದು ಊಹಿಸಲಿಕ್ಕೆ ಮಾಡಿಸುವ ಪರೀಕ್ಷೆ ಅದಲ್ಲ.